ಹಬ್ಬದ ಹೀರೆಕಾಯಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ವಿಲ್ಫ್ರೆಡನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ದೋಹಾದ ಮಂಗಳೂರು ಕ್ರೈಸ್ತರೆಲ್ಲ ಸೇರಿದ್ದ ಊಟದಲ್ಲಿ, "ಈ ಸಲದ ಮೊಂತಿ ಫೆಸ್ತಿಗೆ ಕತಾರಿನ ಮರಳಲ್ಲೇ ಬೆಳೆದ ಹೀರೆಕಾಯಿ. ಎಲ್ಲರೂ ನಮ್ಮ ಮನೆಗೇ ಬನ್ನಿ!" ಎಂದು ಸಾರಿಬಿಟ್ಟ. ಹೊಸ ಬೆಳೆಯ ಆ ಹಬ್ಬದಂದು ಮೀನು, ಮಾಂಸ ಇಲ್ಲ, ಬರೀ ತರಕಾರಿ. ವಿಮಾನದಲ್ಲಿ ಬಂದ ಬಾಡಿದ ಕಾಯಿಗಳಲ್ಲೇ ವರ್ಷವರ್ಷವೂ ಹಬ್ಬ ಮುಗಿಸಿ ಬೇಸತ್ತವರೆಲ್ಲ ಬರುತ್ತೇವೆಂದರು. ಹೆಂಡತಿಯ ಅಣ್ಣ ಥಿಯೋಡೋರ್ ಮಾತ್ರ, "ಕಾಯಿ ಆಗದಿದ್ರೆ ಮರಳನ್ನೇ ಬಡಿಸ್ತೀಯ ಮಾರಾಯ?" ಎಂದು ನಕ್ಕ.

ವಿಲ್ಫ್ರೆಡನ ಧೈರ್ಯಕ್ಕೆ ಕಾರಣವಿತ್ತು. ಅಲ್ ರಯ್ಯಾನಿನ ಆಚೆ ಕತಾರಿ ಯಜಮಾನ ಅಬ್ದುಲ್ಲಾ ಸಾಹೇಬರ ತೋಟದಲ್ಲಿ ಹಸಿರುಮನೆಯ ಉಸ್ತುವಾರಿ ಅವನದೇ. ತೊಂಬತ್ತಾರರ ಆ ಆಗಸ್ಟಿನಲ್ಲಿ ಹೊರಗೆ ಬೆಂಕಿ ಸುರಿಯುತ್ತಿದ್ದರೆ, ಒಳಗೆ ದೊಡ್ಡ ಫ್ಯಾನು ಒದ್ದೆ ಪ್ಯಾಡಿನ ಮೂಲಕ ತಂಪು ಗಾಳಿ ಎಳೆಯುತ್ತಿತ್ತು. ಸಣ್ಣ ಪೈಪುಗಳಿಂದ ಪ್ರತಿ ಬುಡಕ್ಕೂ ಹನಿ ನೀರು. ಸೌತೆಕಾಯಿ ಗೊಂಚಲುಗೊಂಚಲಾಗಿ ಜೋತಾಡುತ್ತಿತ್ತು. ಸಾಹೇಬರು ಬಿಟ್ಟುಕೊಟ್ಟ ಒಂದು ಸಾಲಿನಲ್ಲಿ ಹೀರೆಬಳ್ಳಿ ಹಗ್ಗ ಹಿಡಿದು ಮೇಲಕ್ಕೇನೋ ಹತ್ತಿತು. ಆದರೆ ಹೀಚೆಲ್ಲ ಹಳದಿಯಾಗಿ ಉದುರತೊಡಗಿತು. ಹಬ್ಬಕ್ಕಿದ್ದದ್ದು ಎರಡೇ ವಾರ.

ಎಡವಟ್ಟು ಆಮೇಲೆ ಹೊಳೆಯಿತು. ಆ ಜಾತಿಯ ಸೌತೆಗೆ ಜೇನುನೊಣದ ಹಂಗಿಲ್ಲ, ಹೀರೆಗೆ ಅದು ಬೇಕೇ ಬೇಕು. ಮುಚ್ಚಿದ ಮನೆಯೊಳಗೆ ನೊಣ ಎಲ್ಲಿಂದ ಬರಬೇಕು? ಕೈಯಲ್ಲೇ ಪರಾಗ ಮುಟ್ಟಿಸೋಣವೆಂದು ಬೆಳಿಗ್ಗೆ ಬೆಳಿಗ್ಗೆ ಹೋದರೆ ಹೂಗಳೆಲ್ಲ ಮುದುಡಿಕೊಂಡಿದ್ದವು. ಮನೆಗೆ ಬಂದು ಹೆಂಡತಿ ಕೊನ್ಸೆಪ್ಟಾಳ ಮುಂದೆ ಗೋಳೋ ಎಂದ.

"ಎಂತ, ಊರು ಮರೆತೇ ಹೋಯ್ತಾ ನಿಮಗೆ? ಹೀರೆ ಹೂ ಅರಳುದು ಸಂಜೆಗಲ್ವಾ! ನಾವು ಜಪಮಾಲೆಗೆ ಕೂತುಕೊಳ್ಳುವ ಹೊತ್ತಿಗೆ ಚಪ್ಪರ ಇಡೀ ಹಳದಿ ಆಗ್ತಿತ್ತು. ಯಲ್ಲಾ, ನಡೀರಿ, ಗಾಡಿ ತೆಗೀರಿ!"

ಆ ಸಂಜೆ ಹಸಿರುಮನೆಯಲ್ಲಿ ನಿಜಕ್ಕೂ ಮದುವೆ ನಡೆಯಿತು. ವಿಲ್ಫ್ರೆಡ್ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುತ್ತಾ ಹೋದ; ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹಾಡುವ ಹಾಡನ್ನು ಕೊನ್ಸೆಪ್ಟಾ ಹಿಂದಿನಿಂದ ಗುನುಗುತ್ತಾ ಬಂದಳು. ದಿನಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದವನಿಗೆ ನಗು ತಡೆಯಲಾಗಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ. ಈ ಸಲ ಹೀಚು ಉದುರಲಿಲ್ಲ.

ಹಬ್ಬದ ದಿನ ಅಲ್ ಸದ್ದ್‌ನ ಅವರ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಬ್ದುಲ್ಲಾ ಸಾಹೇಬರೂ ಬಂದರು. ಅಡುಗೆಮನೆಯಲ್ಲಿ ಉಳಿದಿದ್ದ ಒಂದು ಹೀರೆಕಾಯಿಯನ್ನು ಎತ್ತಿ ಹಿಡಿದು, "ಇದು ಲೀಫಾ ಅಲ್ವಾ? ಒಣಗಿಸಿ ನಾವು ಸ್ನಾನಕ್ಕೆ ಮೈ ಉಜ್ಜುದು ಇದರಲ್ಲಿ!" ಎಂದು ಅರಬಿಯಲ್ಲಿ ಹೇಳಿದರು. ಮನೆಯೆಲ್ಲ ಗೊಳ್ಳೆಂದಿತು. ಮೊದಲ ತುತ್ತು ಬಾಯಿಗಿಟ್ಟ ಸಾಹೇಬರು ಇನ್ನಷ್ಟು ಬೇಕೆಂದು ತಟ್ಟೆ ಮುಂದಕ್ಕೆ ಚಾಚಿದರು. ಥಿಯೋಡೋರ್ ತಲೆಯೆತ್ತದೆ ಮೂರನೆಯ ಸಲ ಬಡಿಸಿಕೊಂಡ.

ಕೊನೆಯಲ್ಲಿ ವಿಲ್ಫ್ರೆಡ್ ಊಟಕ್ಕೆ ಕುಳಿತಾಗ ಹೀರೆಯ ಪಾತ್ರೆ ಬರಿದಾಗಿತ್ತು, ಒಂದು ಹೋಳೂ ಇರಲಿಲ್ಲ. ಅಷ್ಟು ಸಂತೋಷದಿಂದ ಅವನು ಬರೀ ಸಾರು ಅನ್ನ ಎಂದೂ ಉಂಡಿರಲಿಲ್ಲ.