ಎರಡನೆಯ ಕವರು

ಹರಿಣಾಕ್ಷಿ ಸೇವಂತಿಯ ಕತ್ತಿನ ಹಿಂದೆ ಬೆರಳಾಡಿಸಿ ನಾಲ್ಕೆಳೆ ಕೂದಲನ್ನು ಕತ್ತರಿಯ ಬಾಯಿಗೆ ತರುವಷ್ಟರಲ್ಲಿ ಬಾಗಿಲಲ್ಲಿ ಕುಕ್ಕಪ್ಪ ಮಾವ ನಿಂತಿದ್ದರು. ಸಾವಿನ ಮನೆಯಲ್ಲಿ ಯಜಮಾನಿಕೆ ನಡೆಸಲು ಒಬ್ಬರು ಇದ್ದೇ ಇರುತ್ತಾರಲ್ಲ, ಬೆಳ್ಳಾರೆಯ ಈ ಮನೆಗೆ ಅವರು.

“ಎಂತ ಮಾಡುದು ನೀನು, ಹೆಣದ ತಲೆಯಲ್ಲಿ?”

ಹಿಂದಿನ ಬಚ್ಚಲಲ್ಲಿ ಹೆಂಗಸರು ಅರಸಿನ ನೀರು ಕಾಯಿಸುತ್ತಿದ್ದರು. ಎಣ್ಣೆ ಅರಸಿನ ಹಚ್ಚಿ ಮೀಯಿಸಿದರೆ ಆ ಕೂದಲು ಪರೀಕ್ಷೆಗೆ ಬರುವುದಿಲ್ಲ. ಮಧ್ಯಾಹ್ನ ಚಿತೆಗೆ ಇಟ್ಟ ಮೇಲೆ ಕೂದಲೇ ಇರುವುದಿಲ್ಲ.

“ಮಾಟಕ್ಕೆ ಕೊಂಡುಹೋಗುದಾ?” ಮಾವನ ದನಿ ಅಂಗಳಕ್ಕೂ ಕೇಳಿಸಿತು.

*

ಹಡಗಿನ ಎಣ್ಣೆ ಸೋರಿ ಮಂಗಳೂರಿನಾಚೆ ದಡವೆಲ್ಲ ಕಪ್ಪಾದ ವರ್ಷ, ದೊಡ್ಡಮ್ಮನ ಮಗಳು ಸೇವಂತಿಯೇ ಹರಿಣಾಕ್ಷಿಯನ್ನು ತನ್ನ ಲ್ಯಾಬಿಗೆ ಸೇರಿಸಿದ್ದು. ಸತ್ತ ಕಡಲ ಹಕ್ಕಿಗಳನ್ನು ಹೆಕ್ಕಿ ತಂದು, ತೊಳೆದು, ಗರಿ ಕತ್ತರಿಸಿ, ಆಸಿಡಿನಲ್ಲಿ ಕರಗಿಸಿ, ಅದರಲ್ಲಿ ಸೀಸ ಎಷ್ಟು, ನಿಕ್ಕಲ್ ಎಷ್ಟು ಎಂದು ಅಳೆಯುವ ಕೆಲಸ.

“ಗ್ಲೌಸ್ ಹಾಕಿದ್ರೆ ಹಿಡಿತ ಸಿಕ್ಕುದಿಲ್ಲ ಮಾರಾಯ್ತಿ,” ಎನ್ನುತ್ತ ಸೇವಂತಿ ಬರಿಗೈಯನ್ನೇ ಕಪ್ಪು ನೀರಿಗೆ ಅದ್ದುತ್ತಿದ್ದಳು. ಅಕ್ಕ ಮಾಡಿದ್ದನ್ನೇ ತಂಗಿಯೂ ಮಾಡಿದಳು.

“ಹಕ್ಕಿಯ ಮೈಗೆ ಸೇರಿದ ವಿಷ ಗರಿಯಲ್ಲಿ ಉಳಿತದೆ. ನಮ್ಮದು ಅಕ್ಕ?”

“ಕೂದಲಲ್ಲಿ. ಆದ್ರೆ ನಮ್ಮದನ್ನು ಯಾರು ನೋಡ್ತಾರೆ!” ಸೇವಂತಿ ನಕ್ಕಿದ್ದಳು.

ಕಳೆದ ವರ್ಷ ಅವಳ ಕಿಡ್ನಿ ಕೈಕೊಟ್ಟಿತು. ಕಾರಣ ಹೇಳಲಿಕ್ಕೆ ಆಗುವುದಿಲ್ಲ ಎಂದರು ಪುತ್ತೂರಿನ ಡಾಕ್ಟರು. ಕಾಲು ಊದುವುದರಿಂದಲೇ ಶುರುವಾಗಿತ್ತು. ಈಗ ಹರಿಣಾಕ್ಷಿಯ ಕಾಲೂ ಊದುತ್ತಿದೆ. ಅವಳು ಯಾರಿಗೂ ಹೇಳಿಲ್ಲ.

*

ಗಲಾಟೆ ಕೇಳಿ ದುಗ್ಗಮ್ಮ ಬಂದರು. ಸೇವಂತಿಯನ್ನು ಹೆತ್ತವರು. “ನೀನು ಹೊರಗೆ ಹೋಗು ಕುಕ್ಕಪ್ಪ,” ಎಂದರು ತಮ್ಮನಿಗೆ. ಅವರು ಗೊಣಗುತ್ತ ಹೋದರು. ಕೂದಲು ಲ್ಯಾಬಿನ ಪರೀಕ್ಷೆಗೆ ಎಂದಳು ಹರಿಣಾಕ್ಷಿ.

“ಕೂದಲು ನೋಡಿದ್ರೆ ಅವಳಿಗೆ ಎಂತ ಆದದ್ದು ಅಂತ ಗೊತ್ತಾಗ್ತದಾ?”

“ಗೊತ್ತಾದ್ರೂ ಆಗಬಹುದು ದೊಡ್ಡಮ್ಮ.”

“ಗೊತ್ತಾಗಿ ಇನ್ನೆಂತ ಮಾಡುದು?”

ಅಕ್ಕನಿಗೋಸ್ಕರ ಎಂದು ಹೇಳಲು ಹರಿಣಾಕ್ಷಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಮುಖದೆದುರು ಅದು ಹೊರಡಲಿಲ್ಲ.

“ನನಗೆ ಹೆದರಿಕೆ ಆಗ್ತದೆ ದೊಡ್ಡಮ್ಮ. ನಾನೂ ಅದೇ ನೀರಿಗೆ ಕೈ ಹಾಕಿದ್ದೆ.”

ದುಗ್ಗಮ್ಮ ಅವಳ ಪಾದ ನೋಡಿದರು. ಮಗಳ ಕಾಲಿನಲ್ಲಿ ವರ್ಷವಿಡೀ ನೋಡಿದ ಊತವೇ. ಅಲ್ಲೇ ಕುಳಿತು, ಸೇವಂತಿಯ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದರು.

“ಕತ್ತರಿಸು.”

ಆಮೇಲೆ ಕತ್ತರಿ ಇಸಕೊಂಡರು. “ಬಗ್ಗು. ನಿಂದೂ ಬೇಕಲ್ಲ.”

ಅರಸಿನ ನೀರಿನ ಕೊಡಪಾನ ಒಳಗೆ ಬಂತು. ಹರಿಣಾಕ್ಷಿ ಮೂಲೆಗೆ ಸರಿದು, ಕೂದಲು ಹಾಕಿದ ಎರಡು ಕವರುಗಳಲ್ಲಿ ಒಂದರ ಮೇಲೆ ಸೇವಂತಿಯ ಹೆಸರು ಬರೆದಳು. ಎರಡನೆಯದರ ಮೇಲೆ ಮಾರ್ಕರ್ ಇಟ್ಟಳು. ಕೈ ಮುಂದಕ್ಕೆ ಹೋಗಲಿಲ್ಲ. ಶಾಯಿ ಮಾತ್ರ ಹರಡುತ್ತ ಹರಡುತ್ತ ಕಪ್ಪಗೆ ಕಾಗದಕ್ಕೆ ಇಳಿಯುತ್ತಿತ್ತು.