ಕೊನೆಯ ತುಂಡು

"ಅನ್... ಕಂ..." ಅಷ್ಟಕ್ಕೇ ಹೆಂಡತಿಯ ಮಾತು ಮತ್ತೆ ನಿಂತುಬಿಟ್ಟಿತು. ಅವಳ ಗದ್ದದ ಕೆಳಗೆ ಅಂಗೈ ಹಿಡಿದು ಕೂತಿದ್ದ ಮೆಕ್ಯಾನಿಕ್ ಗಂಡನ ತೋಳು ಸೋತುಹೋಗಿತ್ತು. ಬೆಳಗಿನಿಂದ ಇದೇ ಕೆಲಸ, ಇದೇ ಪದ.

"ಸ್ವಲ್ಪ ಮಲಗೇ. ಅನ್‌ಕಂಫರ್ಟಬಲ್ ಎಲ್ಲಿಗೂ ಓಡಿಹೋಗಲ್ಲ."

ಅವಳು ಅವನ ಕೈಯನ್ನೆಳೆದು ಮತ್ತೆ ಗದ್ದಕ್ಕೆ ಆನಿಸಿಕೊಂಡಳು.

ಅದು ಶಾಲೆಯಲ್ಲಿ ಟೀಚರಾಗಿದ್ದ ಅವಳದೇ ವಿದ್ಯೆ. ಉದ್ದದ ಇಂಗ್ಲಿಷ್ ಪದ ಕಂಡು ಬೆದರುವ ಮಕ್ಕಳಿಗೆ ಗದ್ದದಡಿ ಕೈ ಇಡಿಸುತ್ತಿದ್ದಳು. ಗದ್ದ ಎಷ್ಟು ಸಲ ಇಳಿಯಿತೋ ಪದಕ್ಕೆ ಅಷ್ಟು ತುಂಡು. ಹಿಂದೆ ಮುಂದೆ ಅಂಟಿದ್ದನ್ನು ಬಿಚ್ಚಿಟ್ಟರೆ ನಡುವೆ ಸಿಗುವುದು ಗುರುತಿನ ಪದವೇ. ತರಗತಿಗೆ ಒಂದೇ ಕಟ್ಟಳೆ: ಒಬ್ಬರ ಬಾಯಲ್ಲಿರುವ ಪದವನ್ನು ಇನ್ನೊಬ್ಬರು ಮುಗಿಸಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ಮದುವೆಯ ಹೊಸತರಲ್ಲಿ ಈ ಪಾಠಕ್ಕೆ ಸಿಕ್ಕಿಬಿದ್ದಿದ್ದ ಮೆಕ್ಯಾನಿಕ್, ಬಸ್ಸಿನ ಇಂಜಿನ್ ಬಿಚ್ಚುವುದೇ ವಾಸಿ ಎಂದು ಕೈಮುಗಿದಿದ್ದ.

ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಹೋದ ಮಾತು ಅರ್ಧಂಬರ್ಧ ಮರಳಿದೆ. ತರಗತಿ ವಾಪಸ್ ಸಿಗುತ್ತದೋ ಇಲ್ಲವೋ ಎಂದು ಹೇಳಲು ಹೆಡ್‌ಮೇಡಂ ಇವತ್ತು ಬರುವವಳಿದ್ದಳು. ಅವಳೆದುರು ಈ ಒಂದು ಪದವನ್ನಾದರೂ ಪೂರ್ತಿ ಹೇಳಿ ತೋರಿಸಬೇಕೆಂದು ಹೆಂಡತಿಯ ಹಟ.

ಬಂದಳು. ಒಂದು ಕಾಲಕ್ಕೆ ಅವಳೂ ಈ ಟೀಚರ ತರಗತಿಯಲ್ಲೇ ಹಿಂದಿನ ಬೆಂಚಿನ ಹುಡುಗಿ. ಕುರ್ಚಿಯ ತುದಿಯಲ್ಲಿ ಕೂತು, "ಆತುರ ಏನಿಲ್ಲ ಟೀಚರ್, ನಿಧಾನಕ್ಕೆ ಹೇಳಿ" ಎಂದಳು.

"ಅನ್... ಕಂ... ಫರ್ಟ್..."

ಹೆಂಡತಿಯ ಹಣೆ ಬೆವರಿತು. ಗದ್ದ ನಡುಗಿತೇ ಹೊರತು ಇಳಿಯಲಿಲ್ಲ. ಹೆಡ್‌ಮೇಡಂಗೆ ನೋಡಲಾಗಲಿಲ್ಲ.

"...ಅಬಲ್," ಎಂದುಬಿಟ್ಟಳು, ಕೂಸಿಗೆ ತುತ್ತಿಡುವವಳಂತೆ ಮೆಲ್ಲಗೆ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿಯಿತು. ಆದರೆ ಅಯ್ಯೋ ಪಾಪ ಎಂದು ಬಾಯಿಬಿಟ್ಟವಳನ್ನು ಬೈದು ಏನು ಬಂತು? ಹೆಂಡತಿ ಬೈಯಲಿಲ್ಲ. ತನ್ನ ಹಳೇ ಹುಡುಗಿಯ ಮುಖ ನೋಡಿದಳು. ಆಮೇಲೆ ತರಗತಿಯ ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದಳು.

"ಟೀಚರ್, ಇದು ಈಗಲೇ ಯಾಕೆ? ಮುಂದಿನ ತಿಂಗಳು ನೋಡೋಣ..."

ಹೆಂಡತಿ ತಲೆ ಅಲ್ಲಾಡಿಸಿದಳು. ಹೆಡ್‌ಮೇಡಂ ಕಣ್ಣೊರೆಸಿಕೊಂಡು ಬೀಗದ ಕೈ ತೆಗೆದುಕೊಂಡು ಹೋದಳು.

ಮನೆಯಲ್ಲಿ ಇಬ್ಬರೇ ಉಳಿದರು. ಮೆಕ್ಯಾನಿಕ್ ಅಡುಗೆಮನೆಗೆ ಹೋಗಿ ಪಾತ್ರೆಗೆ ನೀರು ಹಿಡಿದ.

"ಟೀ ಮಾಡ್ಲೇನೇ?" ಎಂದು ಬಾಗಿಲಿಗೆ ಬಂದು ಕೇಳಿದ.

"ಮಾ..."

ಅಲ್ಲಿಗೇ ನಿಂತಿತು. ಉತ್ತರ ಅವನಿಗೆ ಗೊತ್ತೇ ಇತ್ತು. ಆದರೂ ಒಲೆಯ ಕಡೆಗೆ ತಿರುಗದೆ, ತುಂಬಿದ ಪಾತ್ರೆ ಹಿಡಿದುಕೊಂಡು ಅವನು ಬಾಗಿಲಲ್ಲೇ ನಿಂತಿದ್ದ.