ಅಕ್ಕನ ಡಬ್ಬಿಯ ಕ್ಯಾಪ್ಸೂಲುಗಳು

ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಅನುಮಾನದಮ್ಮ ಎಂದೇ ಅಡ್ಡಹೆಸರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಹದಿನೆಂಟು ವರ್ಷಗಳ ಕೆಲಸ ಕಲಿಸಿತ್ತು. ಹಾಗಾಗಿ, ಒಂದೂವರೆ ವರ್ಷದಿಂದ ಖಿನ್ನತೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ ಅಕ್ಕ ಎರಡೇ ತಿಂಗಳಲ್ಲಿ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತಾಗ, ಇವಳಿಗೆ ಸಂತೋಷದ ಬೆನ್ನಿಗೇ ಸಂಶಯವೂ ಬಂತು.

"ಎಲ್ಲಾ ಆ ಗಿಡಮೂಲಿಕೆ ಕ್ಯಾಪ್ಸೂಲ್ ಪುಣ್ಯ ಕಣೇ. ಡಾಕ್ಟ್ರು ಕೊಟ್ಟ ಮಾತ್ರೆ ಮುಟ್ಟಿದ್ರೆ ಕೇಳು! ನಾನೇನು ಹುಚ್ಚೀನಾ?" ಅಂದಳು ಅಕ್ಕ. ಸೂಜಿಗೆ ದಾರ ಪೋಣಿಸುವಾಗ ಅವಳ ಬೆರಳುಗಳು ನಡುಗುತ್ತಿದ್ದವು. ಫ್ಯಾನಿನ ಕೆಳಗೂ ಹಣೆ ಬೆವರುತ್ತಿತ್ತು.

ಡಬ್ಬಿಯ ಮೇಲೆ 'ಸಂಶೋಧನೆಯಿಂದ ದೃಢಪಟ್ಟಿದೆ' ಎಂದಿತ್ತು. ಯಾವ ಸಂಶೋಧನೆ ಎಂದು ಅವಳು ಹುಡುಕಿ ಓದಿದಳು. ಕ್ಯಾಪ್ಸೂಲಿನಲ್ಲಿದ್ದ ಹಳದಿ ಹೂವಿನ ಗಿಡದ ಮೇಲೆ ಅಧ್ಯಯನಗಳು ನಡೆದದ್ದೇನೋ ನಿಜ. ಸೌಮ್ಯ ಖಿನ್ನತೆಗೆ ಗುಣ ಕಂಡಿತ್ತು. ಅಕ್ಕನ ಹಾಗೆ ಅನ್ನನೀರು ಬಿಟ್ಟವರ ವಿಷಯದಲ್ಲಿ ಅಂಥ ಭರವಸೆ ಇರಲಿಲ್ಲ. ಕೊನೆಯ ಒಂದು ಸಾಲನ್ನು ಮಾತ್ರ ಅವಳು ಎರಡು ಸಲ ಓದಿದಳು: ಖಿನ್ನತೆಯ ಮಾತ್ರೆಯ ಜೊತೆ ಈ ಗಿಡ ಸೇರಿದರೆ ನಡುಕ, ಬೆವರು, ಕೈಮೀರಿದರೆ ಪ್ರಾಣಕ್ಕೇ ಅಪಾಯ.

ಮಾತ್ರೆಯನ್ನೇ ಮುಟ್ಟದ ಅಕ್ಕನಿಗೂ ಅದೇ ನಡುಕ, ಅದೇ ಬೆವರು. ಕ್ಯಾಪ್ಸೂಲು ಮಾರಿದ ಗಿಡಮೂಲಿಕೆ ಅಂಗಡಿಯವಳೇ ಮಾತ್ರೆ ಬೆರೆಸುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಅಕ್ಕ ಸ್ನಾನಕ್ಕೆ ಹೋದಾಗ ಡಬ್ಬಿಯಿಂದ ನಾಲ್ಕು ಕ್ಯಾಪ್ಸೂಲು ತೆಗೆದುಕೊಂಡು ಹೋಗಿ ಪರೀಕ್ಷಿಸಿದಳು. ಸಂಶಯ ಸುಳ್ಳಾಗಲಿಲ್ಲ. ಗಿಡದ ಪುಡಿಯ ಜೊತೆಗೆ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯೇ ಇತ್ತು.

ಬುಸುಗುಡುತ್ತ ಅಂಗಡಿಗೆ ಹೋಗಿ ಕಲಬೆರಕೆಯ ಆರೋಪ ಹೊರಿಸಿದಳು. ಬೇರುಗಳನ್ನು ತೂಗುತ್ತಿದ್ದ ಮುದುಕಿ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಮ್ಮ. ಅದೇ ಸರಕಿನ ಡಬ್ಬಿಗಳು ಅಲ್ಲಿವೆ, ಸೀಲ್ ಒಡೆದಿಲ್ಲ. ಯಾವುದು ಬೇಕೋ ನೀನೇ ಆರಿಸ್ಕೋ."

ಆರಿಸಿ ತಂದ ಮೂರು ಡಬ್ಬಿಗಳಲ್ಲೂ ಬರೀ ಗಿಡದ ಪುಡಿ. ಹಾಗಾದರೆ ಬೆರೆಸುವ ಕೈ ಅಕ್ಕನ ಮನೆಯೊಳಗೇ ಇತ್ತು. ಆ ನಾಲ್ಕರಲ್ಲಿ ಉಳಿಸಿಕೊಂಡಿದ್ದ ಒಂದು ಕ್ಯಾಪ್ಸೂಲನ್ನು ಭೂತಗನ್ನಡಿಯಲ್ಲಿ ನೋಡಿದಳು. ಎರಡು ಹೋಳು ಕೂಡುವ ಕಡೆ ಚಿಮಟದ ಸಣ್ಣ ಗೀರು. ಆ ಮನೆಯಲ್ಲಿ ಅಕ್ಕನ ಜೊತೆ ಇದ್ದವರು ಭಾವ ಒಬ್ಬರೇ. ಅವರ ಕಸುಬು ಗಡಿಯಾರ ರಿಪೇರಿ.

ಕುಂಬಳಕಾಯಿ ಕಳ್ಳನ ಹಾಗೆ ಭಾವ ಹೆಗಲು ಮುಟ್ಟಿಕೊಳ್ಳಲಿಲ್ಲ. ತಮ್ಮ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಗಡಿಯಾರವನ್ನು ಪಕ್ಕಕ್ಕೆ ಸರಿಸಿ, "ಹೌದು, ನಾನೇ" ಅಂದರು. "ಅವಳು ಮಾತ್ರೆ ಉಗೀತಿದ್ಲು, ಕ್ಯಾಪ್ಸೂಲ್ ನುಂಗ್ತಿದ್ಲು. ಇನ್ನೇನು ಮಾಡ್ಲಮ್ಮ? ಕೈ ಬಿಟ್ಟು ಹೋಗ್ತಾಳೆ ಅನ್ನಿಸ್ತು. ಅರ್ಧ ಪುಡಿ ತೆಗೆದು ಮಾತ್ರೆ ತುಂಬ್ದೆ. ಪೂರ್ತಿ ತೆಗೆದ್ರೆ ವಾಸನೆಯಲ್ಲೇ ಕಂಡುಹಿಡೀತಾಳಲ್ಲ."

"ಆ ಅರ್ಧ ಪುಡಿನೇ ಅವಳನ್ನ ಕೊಲ್ತಿತ್ತು ಭಾವ! ಅವಳ ಕೈ ನಡುಗೋದು ನೋಡಿಲ್ವಾ ನೀವು?"

ಭಾವ ಅಂಗಡಿಯ ಬಾಗಿಲು ಎಳೆದುಕೊಳ್ಳುವುದನ್ನೂ ಮರೆತು ಅವಳ ಜೊತೆ ಮನೆಗೆ ಓಡಿದರು.

ಅಕ್ಕ ಎಲ್ಲವನ್ನೂ ಕೇಳಿದಳು. ಗಂಡನನ್ನು ನೋಡಲಿಲ್ಲ, ತಂಗಿಯನ್ನು ನೋಡಿದಳು. "ನೀನು ಆ ನಾಲ್ಕನ್ನ ನನ್ನ ಕೇಳಿ ತಗೊಂಡ್ಯಾ?"

ಅನುಮಾನದಮ್ಮ ಉಳಿದಿದ್ದ ಒಂದು ಕ್ಯಾಪ್ಸೂಲನ್ನು ಚೀಲದಿಂದ ತೆಗೆದು ಅಕ್ಕನ ಮುಂದಿಟ್ಟಳು.

ಅಂದೇ ಆಸ್ಪತ್ರೆಗೆ ಹೋದರು. ಮಾತ್ರೆ, ಗಿಡದ ಪುಡಿ ಎರಡನ್ನೂ ನಿಲ್ಲಿಸಿ ಡಾಕ್ಟರು ಮೂರು ದಿನ ಅಲ್ಲೇ ಇರಿಸಿಕೊಂಡರು, ನಡುಕ ಇಳಿಯಿತು. ಆಮೇಲೆ ಮಾತ್ರೆಯ ಮಾತು ಬಂದಾಗ ಅಕ್ಕ ಹೇಳಿದಳು: "ನನ್ನನ್ನ ಎಬ್ಬಿಸಿದ್ದು ಇದೇ ಆಗಿದ್ರೆ ತಗೋತೀನಿ. ಆದ್ರೆ ಮಾತ್ರೆ ಸ್ಟ್ರಿಪ್ ನನ್ನ ಹತ್ರ ಇರತ್ತೆ. ನಾನೇ ಒಡೀತೀನಿ, ನಾನೇ ನುಂಗ್ತೀನಿ."

ಅಕ್ಕ ಹುಷಾರಾದಳು. ನಗುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಗಿರಾಕಿಗಳ ಜೊತೆ ಜಗಳವಾಡುತ್ತಾಳೆ. ಆದರೆ ಭಾವ ಚಹಾ ಮಾಡಿ ತಂದಿಟ್ಟರೆ ಲೋಟ ಮುಟ್ಟುವುದಿಲ್ಲ. "ನೀವು ಒಂದು ಗುಟುಕು ಕುಡೀರಿ ಮೊದ್ಲು" ಎನ್ನುತ್ತಾಳೆ. ಭಾವ ಕುಡಿದು ತೋರಿಸುತ್ತಾರೆ. ಅವರ ಗಂಟಲು ಏರಿಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ ಮೇಲಷ್ಟೇ ಅವಳು ಲೋಟಕ್ಕೆ ಕೈ ಚಾಚುತ್ತಾಳೆ.